ಗೌಡಶಾನಿಯ ತೂಕ

ನಮ್ಮ ಮನೆಯಲ್ಲಿ ತೂಕ ಇಳಿಸುತ್ತೇನೆಂದು ಪಣ ತೊಟ್ಟವಳು ನಾನು. ಇಳಿಸಿದ್ದು ಬೆಕ್ಕು.

ನಾನೇನು ಕಡಿಮೆ ಪ್ರಯತ್ನ ಮಾಡಲಿಲ್ಲ. ಬೆಳಿಗ್ಗೆ ಎದ್ದು ಬನಹಟ್ಟಿಯಿಂದ ರಬಕವಿಯ ದಾರಿ ಹಿಡಿದು ಕೈಬೀಸಿಕೊಂಡು ನಡೆದೆ. ರಾತ್ರಿಯ ಅನ್ನ ಬಿಟ್ಟೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆ. ಬೆಲ್ಲ ಮಹಾಲಿಂಗಪುರದ್ದು, ಹಿಡಿದ ಮೇಲೆ ಬಿಡುವುದು ನನ್ನ ಕೈಯಲ್ಲಿರಲಿಲ್ಲ. ನಮ್ಮ ಬೆಕ್ಕು ಗೌಡಶಾನಿ ಮಾತ್ರ ಯಾವ ವ್ರತವನ್ನೂ ಹಿಡಿಯದೆ, ಹೊತ್ತು ಹೊತ್ತಿಗೆ ಉಂಡು, ಬಿಸಿಲು ಬಿದ್ದಲ್ಲಿ ಮಲಗಿ, ತನ್ನಷ್ಟಕ್ಕೆ ತಾನು ತೆಳ್ಳಗಾಗುತ್ತ ಹೋದಳು. ಮೊದಮೊದಲು ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗುತ್ತೀರಿ. ನಗಿರಿ, ಆಗ ನಾನೂ ನಕ್ಕಿದ್ದೆ.

ಗೌಡಶಾನಿ, ಊರ ಗೌಡನ ಹೆಂಡತಿ, ಎಂದು ಹೆಸರಿಟ್ಟವರು ನಮ್ಮ ಮಾವನವರು. ಹೊಸ್ತಿಲಿಗೆ ಅಡ್ಡ ಮಲಗಿ, ಹೋಗುವವರು ಬರುವವರು ಬೇಕಾದರೆ ದಾಟಿಕೊಂಡು ಹೋಗಲಿ ಎಂಬಂತೆ ಕಣ್ಣು ಮುಚ್ಚುವ ಗತ್ತು ಮರಿಯಾಗಿದ್ದಾಗಲೇ ಇತ್ತಂತೆ. ನಾನು ಸೊಸೆಯಾಗಿ ಬಂದ ದಿನ, ಹೊಸ್ತಿಲ ಮೇಲಿನ ಸೇರು ಒದೆಯುವ ಮೊದಲು ಆ ಬೆಕ್ಕನ್ನು ಏಳಿಸಲು ಎಲ್ಲರೂ ಸೇರಿ ಬೇಡಿಕೊಳ್ಳಬೇಕಾಯಿತು. ಒಮ್ಮೆ ಮಾವನವರು ತಮಾಷೆಗೆ ಅದನ್ನು ನೂಲಿನ ತಕ್ಕಡಿಯಲ್ಲಿ ಕೂರಿಸಿದಾಗ ಇನ್ನೊಂದು ಪರಡಿಯಲ್ಲಿ ದೊಡ್ಡ ಕಟ್ಟು ನೂಲು ಇಟ್ಟರೂ ಬೆಕ್ಕು ಕೂತ ಪರಡಿ ಮೇಲೇಳಲಿಲ್ಲ. ಹೊಸ ಸೊಸೆಗಿಂತ ಹಳೆಯ ಬೆಕ್ಕಿಗೆ ತೂಕ ಹೆಚ್ಚು ಎಂದು ಅವರು ಚೇಷ್ಟೆ ಮಾಡಿದರು. ಅದು ಆಗಿನ ಮಾತು. ಈಗ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಾಳೆ, ಮಾವನವರಿಲ್ಲ, ತಕ್ಕಡಿಯ ಲೆಕ್ಕವೂ ತಲೆಕೆಳಗಾಗಿದೆ.

ನೇಕಾರರ ಮನೆಯಲ್ಲಿ ಬೆಕ್ಕು ಸಾಕುವುದು ಬರೀ ಮುದ್ದಿಗಲ್ಲ. ಮಗ್ಗಕ್ಕೆ ಉದ್ದುದ್ದ ಏರಿಸುವ ಹಾಸಿನ ಎಳೆಗೆ ಗಂಜಿ ಕುಡಿಸುತ್ತಾರೆ. ಗಂಜಿ ಇಲ್ಲದ ಎಳೆ ಲಾಳಿಯ ಓಡಾಟಕ್ಕೆ ತಾಳುವುದಿಲ್ಲ. ಆದರೆ ಗಂಜಿ ಎಂದರೆ ಇಲಿಗೆ ಹಬ್ಬದೂಟ. ಅದು ಒಮ್ಮೆ ಹಲ್ಲಾಡಿಸಿ ಹೋಯಿತೆಂದರೆ ಆ ಹಾಸಿನ ಕಥೆ ಮುಗಿಯಿತು. ಮಾವನವರು ತೀರಿಕೊಂಡಾಗ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯೊಂದು ಉಳಿದಿತ್ತು. ಹಸಿರು ಮೈ, ಕೆಂಪು ದಡಿ. ಓಣಿಯ ತುಂಬ ಆಗಲೇ ಪವರ್‌ಲೂಮುಗಳ ಸದ್ದು. ನಮ್ಮವರಿಗೆ ಸೊಸೈಟಿಯಲ್ಲಿ ನೌಕರಿ, ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ; ಮಗ್ಗದ ಕುಣಿಗೆ ಕಾಲಿಳಿಬಿಟ್ಟು ಕೂರುವವರು ಯಾರೂ ಇರಲಿಲ್ಲ. ಹಾಸು ಕೊಯ್ದು ಮಗ್ಗ ಬಿಚ್ಚೋಣವೆಂದು ನಮ್ಮವರು ಮಾತು ತೆಗೆದಾಗಲೆಲ್ಲ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ರಾತ್ರಿ ಹಾಸಿನ ಮೇಲೆ ಮಾವನವರ ಹಳೆಯ ಧೋತರ ಹೊದಿಸಿ, ಪಕ್ಕದಲ್ಲಿ ಬೆಕ್ಕನ್ನು ಮಲಗಿಸಿ, ಅದರ ತಲೆ ಸವರಿ ಬರುತ್ತಿದ್ದರು. ಬೆಕ್ಕು ಇರುವ ತನಕ ಆ ಅರ್ಧ ಸೀರೆ ಇರುತ್ತದೆ, ಬೆಕ್ಕು ಹೋದರೆ ಅದೂ ಹೋಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ಬೆಕ್ಕು ತಂದರಾಯಿತು ಎನ್ನುತ್ತೀರಿ. ನಾನೂ ಅಂದೆ. ಎಳೆಯ ಬೆಕ್ಕು ಇಲಿಗಿಂತ ಕೆಟ್ಟದ್ದು ಎಂದು ಅತ್ತೆ ತಿಳಿಹೇಳಿದರು. ಅದಕ್ಕೆ ಎಳೆ ಕಂಡರೆ ಆಟ. ಇಲಿ ಹಸಿವಿಗೆ ಕಡಿದರೆ ಮರಿಬೆಕ್ಕು ಖುಷಿಗೆ ಹರಿಯುತ್ತದೆ. ಎಳೆಯನ್ನು ನೋಡಿಯೂ ಕೈಚಾಚದೆ ಕೂರುವ ಬುದ್ಧಿ ಬರುವ ಹೊತ್ತಿಗೆ ಬೆಕ್ಕಿಗೆ ಮುಪ್ಪು ಬಂದಿರುತ್ತದೆ. ಮನುಷ್ಯರ ಹಣೆಬರಹವೂ ಹೆಚ್ಚುಕಡಿಮೆ ಇದೇ ಎಂದು ನನಗನ್ನಿಸಿತು.

ನಮ್ಮ ಕಡೆ ಮಮತೆಗೆ ಒಂದು ಗೊತ್ತಾದ ಮಾತಿದೆ: ಸೊರಗೀಯಲ್ಲ, ಎಂದರೆ ತೆಳ್ಳಗಾಗಿದ್ದೀಯಲ್ಲ. ಗಲಗಲಿಯಲ್ಲಿರುವ ನನ್ನ ಅವ್ವ, ನಾನು ಬಸ್ಸಿಳಿದು ತವರಿನ ಬಾಗಿಲಲ್ಲಿ ನಿಂತ ಕೂಡಲೇ ಅನ್ನುವುದು ಅದನ್ನೇ. ವರ್ಷದಿಂದ ವರ್ಷಕ್ಕೆ ಆ ಬಾಗಿಲು ನನಗೆ ಇಕ್ಕಟ್ಟಾಗುತ್ತ ಬಂದಿದೆ, ಅವ್ವನ ಮಾತು ಮಾತ್ರ ಬದಲಾಗಿಲ್ಲ. ಕೃಷ್ಣೆಯ ನೀರು ಇಳಿದರೂ ಏರಿದರೂ ಅವಳ ಕಣ್ಣಿಗೆ ನಾನು ಸೊರಗಿದವಳೇ. ನಮ್ಮ ಅತ್ತೆ ಅಂಥವರಲ್ಲ. ನೂಲು ತೂಗಿ ತಂದು ಸೀರೆ ತೂಗಿ ಕೊಟ್ಟ ಮನೆತನ. ಇದ್ದದ್ದನ್ನು ಇದ್ದಂತೆ ಹೇಳುವುದು ಅಭ್ಯಾಸ. ಮದುವೆಯಾಗಿ ಇಷ್ಟು ವರ್ಷವಾದರೂ ಒಂದು ದಿನ ನನ್ನನ್ನು ಸೊರಗಿದ್ದೀ ಎಂದವರಲ್ಲ. ನನ್ನ ನಡಿಗೆಯ ವ್ರತವನ್ನು ಕಂಡು, ಜೋಳದ ಚೀಲ ಹೊತ್ತು ನಡೆದರೆ ಜೋಳ ಕಡಿಮೆಯಾಗುವುದೇ ಎಂದು ಕೇಳಿದವರು. ಆದ್ದರಿಂದ ಬೆಕ್ಕಿನ ಬೆನ್ನ ಮೇಲೆ ಕೈಯಾಡಿಸಿ ಅವರೇ ಒಂದು ದಿನ ‘ಸೊರಗೇತಿ’ ಎಂದಾಗ ನನ್ನ ನಗು ನಿಂತಿತು.

ಆಮೇಲೆ ಓಣಿಯ ತುಂಬ ವೈದ್ಯರು ಹುಟ್ಟಿಕೊಂಡರು. ಒಬ್ಬರು ದೃಷ್ಟಿ ಎಂದರು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಘಾಟಿಗೆ ಬೆಕ್ಕು ಸೀನಿತು, ನಾವೆಲ್ಲ ಕೆಮ್ಮಿದೆವು. ಇನ್ನೊಬ್ಬರು ಹಲ್ಲಿ ತಿಂದಿರಬೇಕು ಎಂದರು. ನಮ್ಮವರು ವಯಸ್ಸಾಯಿತು ಬಿಡು ಎಂದರು. ಅವರು ಎಲ್ಲ ಸಮಸ್ಯೆಗೂ ಕೊಡುವ ಉತ್ತರ ಅದು. ನಾನು ವಿಜ್ಞಾನದವಳು, ಪ್ರಯೋಗಕ್ಕೆ ಇಳಿದೆ. ಹಾಲು ಹೆಚ್ಚಿಸಿದೆ, ರೊಟ್ಟಿ ನೆನೆಸಿ ಕಿವುಚಿ ಇಟ್ಟೆ. ಗೌಡಶಾನಿ ಎಲ್ಲವನ್ನೂ ತಿಂದಳು, ಇನ್ನಷ್ಟು ಕೇಳಿದಳು, ಇನ್ನಷ್ಟು ಸೊರಗಿದಳು. ಬೆಕ್ಕಿಗೆಂದು ತರಿಸಿದ ಹೆಚ್ಚಿನ ಹಾಲು ದಪ್ಪಗೆ ಕೆನೆ ಕಟ್ಟುತ್ತಿತ್ತು. ಕೆನೆ ಕೆಡಬಾರದಲ್ಲ, ಅದನ್ನು ನಾನು ತಿಂದೆ. ಪ್ರಯೋಗದ ಫಲ ಕಂಡದ್ದು ನನ್ನಲ್ಲಿ.

ಕೊನೆಗೆ ಮುಧೋಳಕ್ಕೆ ಹೋಗುವುದೆಂದು ಗೊತ್ತುಮಾಡಿದೆ. ಅಲ್ಲಿಯ ದನದ ಡಾಕ್ಟರು ಮುಧೋಳ ನಾಯಿಗಳನ್ನು ಚೆನ್ನಾಗಿ ನೋಡುತ್ತಾರೆಂದು ಕೇಳಿದ್ದೆ. ನಾಯಿ ಗೊತ್ತಿದ್ದವರಿಗೆ ಬೆಕ್ಕು ಗೊತ್ತಿರಲೇಬೇಕು ಎಂಬುದು ನನ್ನ ತರ್ಕ. ಗೌಡಶಾನಿಯನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಟಾವೆಲ್ಲು ಬಿಗಿದು ಬಸ್ಸು ಹತ್ತಿದೆ. ಕಬ್ಬಿನ ಕಾಲ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಗಾಡಿಗಳ ಹಿಂದೆ ಬಸ್ಸು ಮದುವೆ ದಿಬ್ಬಣದಂತೆ ತೆವಳಿತು. ಬುಟ್ಟಿಯೊಳಗಿಂದ ಒಮ್ಮೆ ‘ಮ್ಯಾಂವ್’ ಎಂದಾಗ ಕಂಡಕ್ಟರು ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ. ಸದ್ದು ನನ್ನದೇ ಎಂದು ಅವರು ನಂಬಿದರೋ ಏನೋ, ಮುಂದಕ್ಕೆ ಹೋದರು.

ದವಾಖಾನೆಯ ಅಂಗಳದಲ್ಲಿ ಎಮ್ಮೆ, ಹೋರಿ, ಕುರಿಗಳ ಸರದಿ. ಪಕ್ಕದಲ್ಲಿ ಹಳದಿ ರುಮಾಲಿನ ಯಜಮಾನರೊಬ್ಬರು ತಮ್ಮ ಬೇಟೆನಾಯಿಯನ್ನು ಹಿಡಿದು ನಿಂತಿದ್ದರು. ಆ ನಾಯಿಯ ಸೊಂಟ ಮುಷ್ಟಿಯಷ್ಟು, ಪಕ್ಕೆಲುಬು ಒಂದೊಂದೂ ಎಣಿಸುವಂತಿದ್ದವು. ಅದು ಬೆಕ್ಕಿನ ಕಡೆ ನೋಡಿ, ಇದರ ಹಿಂದೆ ಓಡಿದರೆ ತನ್ನ ಮಾನ ಹೋದೀತೆಂಬಂತೆ ಮುಖ ತಿರುಗಿಸಿತು. ಯಜಮಾನರು ಮಾತ್ರ ಟಾವೆಲ್ಲಿನ ಸಂದಿಯಿಂದ ಗೌಡಶಾನಿಯನ್ನು ಬಹಳ ಹೊತ್ತು ನೋಡಿದರು.

“ಬಾಯಾರ, ಛಲೋ ತಳಿ ಐತ್ರಿ. ಪಕ್ಕೆಲಬು ಎಷ್ಟ ಚಂದ ಎದ್ದಾವು. ಮರಿ ಹಾಕಿದ್ರ ನಮಗೊಂದ ಕೊಡ್ರಿ,” ಎಂದರು.

ಅವರ ತಪ್ಪಲ್ಲ. ಮುಧೋಳದಲ್ಲಿ ಎಲುಬು ಕಾಣುವುದು ಕುಲೀನತೆಯ ಗುರುತು. ಅಲ್ಲಿ ಹುಟ್ಟಿದವರಿಗೆ ಮೈತುಂಬಿದ ನಾಯಿ ಎಂದರೆ ಬೀದಿನಾಯಿ. ಒಂದು ಊರಿನಲ್ಲಿ ದುಃಖವಾದದ್ದು ಇಪ್ಪತ್ತು ಮೈಲಿಯಾಚೆಯ ಊರಿನಲ್ಲಿ ಹೆಮ್ಮೆಯಾಗುತ್ತದೆ. ಹದಿನೆಂಟು ವರ್ಷದ ಮುದುಕಿ ಇನ್ನೆಲ್ಲಿಯ ಮರಿ ಹಾಕಬೇಕು ಎನ್ನಲು ನನಗೆ ಮನಸ್ಸಾಗಲಿಲ್ಲ. ಬಹಳ ದಿನದ ಮೇಲೆ ಅವಳನ್ನು ಯಾರೋ ಹೊಗಳಿದ್ದರು, ಆಗಲಿ ಎಂದೆ.

ಡಾಕ್ಟರು ಬೆಕ್ಕನ್ನು ತೂಗಬೇಕು ಎಂದರು. ಅಲ್ಲಿದ್ದದ್ದು ಚೀಲ ತೂಗುವ ಯಂತ್ರ, ಗೌಡಶಾನಿ ಅದರ ಮೇಲೆ ನಿಲ್ಲಲೊಲ್ಲಳು. ಬೆಕ್ಕನ್ನು ಎತ್ತಿಕೊಂಡು ನೀವೇ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆದರಾಯಿತು ಎಂದರು. ಲೆಕ್ಕ ಸರಿಯೇ, ಮಕ್ಕಳಿಗೆ ನಾನೇ ಕಲಿಸುವಂಥದ್ದು. ಆದರೆ ಕಂಪೌಂಡರು ಎರಡೂ ಅಂಕಿಗಳನ್ನು ಹೊರಗಿನ ಎಮ್ಮೆಗಳಿಗೂ ಕೇಳುವಂತೆ ಕೂಗಿ ಹೇಳಿದ. ಆ ಅಂಕಿಯನ್ನು ನಿಮಗೆ ಹೇಳುವುದಿಲ್ಲ. ನಾಚಿಕೆಯನ್ನೂ ಮರೆಸಿದ್ದು ಇನ್ನೊಂದು: ಬೆಕ್ಕನ್ನು ಕೆಳಗಿಳಿಸಿದಾಗ ಯಂತ್ರದ ಮುಳ್ಳು ಅಲುಗಿತೋ ಇಲ್ಲವೋ ಎಂಬಷ್ಟೇ ಅಲುಗಿತು. ನನ್ನ ತೋಳಿನಲ್ಲಿ ಇಷ್ಟು ಹೊತ್ತು ಇದ್ದದ್ದು ಇಷ್ಟೇ.

ಡಾಕ್ಟರು ಬಾಯಿ ತೆರೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಹಲ್ಲು ನೆಟ್ಟಗಿದ್ದವು, ಜ್ವರ ಇರಲಿಲ್ಲ.

“ತಿಂದದ್ದು ಮೈಗೆ ಹತ್ತವಲ್ದ್ರಿ. ಯಾಕ ಅಂತ ಕೇಳಿದ್ರ ನನಗ ಗೊತ್ತಿಲ್ಲ,” ಎಂದರು. “ಎಮ್ಮಿ ಆಗಿದ್ರ ಹೇಳತಿದ್ದೆ.”

ಗೊತ್ತಿಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದ ಡಾಕ್ಟರರನ್ನು ನಾನು ಮತ್ತೆ ಕಂಡಿಲ್ಲ. ಜಂತಿನ ಗುಳಿಗೆ ಕೊಟ್ಟು, ಕೋಳಿ ತತ್ತಿ ತಿನ್ನಿಸಿ ನೋಡಿರಿ ಎಂದರು. ನಮ್ಮದು ಲಿಂಗವಂತರ ಮನೆ. ಬೆಕ್ಕಿನ ಬೇಟೆ ಏನಿದ್ದರೂ ಹಿತ್ತಿಲಲ್ಲಿ ನಡೆದು ಹಿತ್ತಿಲಲ್ಲೇ ಮುಗಿಯಬೇಕು, ತತ್ತಿಯೆಂಬ ಶಬ್ದ ಒಳಗೆ ಬಂದದ್ದೇ ಅಂದು ಮೊದಲು. ಅತ್ತೆ, ಹಿತ್ತಿಲ ಮೂಲೆಯಲ್ಲಿ ಮೂರು ಕಲ್ಲಿಟ್ಟು ಒಡಕು ಮಡಕೆಯಲ್ಲಿ ಬೇಯಿಸಿ ಹಾಕು, ನಾನು ಅತ್ತ ನೋಡುವುದಿಲ್ಲ ಎಂದರು. ನೋಡುವುದಿಲ್ಲ ಎಂದವರು ಕಿಟಕಿಯಲ್ಲಿ ನಿಂತು, ಪೂರ್ತಿ ತಿಂದಿತೇ ಎಂದು ಕೇಳಿದರು.

ಡಾಕ್ಟರು ಹೇಳಿದ್ದನ್ನು ಅತ್ತೆಗೆ ಮುಚ್ಚಿಡದೆ ಹೇಳಿದ್ದೆ. ಅವರು ಎದ್ದು ಮಗ್ಗದ ಬಳಿ ಹೋಗಿ ಹಾಸಿನ ಮೇಲಿನ ಧೋತರ ತೆಗೆದು ಮಡಿಚಿಟ್ಟರು.

“ಬೆಕ್ಕ ಇರೂದ್ರೊಳಗ ಇದನ್ನ ನಾ ಮುಗಸ್ತೀನಿ.”

“ನಿಮಗ ನೇಯಾಕ ಬರತೈತೇನ್ರಿ, ಅತ್ತಿ?”

“ಇಷ್ಟ ವರ್ಷ ಕೇಳೇನಲ್ಲ,” ಎಂದರು.

ನಿಜ, ಅವರು ನೇಯ್ದವರಲ್ಲ. ಗೋಡೆಯ ಈಚೆ ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತ, ಆಚೆಯ ಮಗ್ಗದ ಸದ್ದನ್ನು ಒಂದು ಆಯುಷ್ಯ ಕೇಳಿದವರು. ಈಗ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರು. ಕೈಯಲ್ಲಿ ಲಾಳಿ ತಡವರಿಸುತ್ತಿತ್ತು. ಹಳೆಯ ಎಳೆಗಳು ಪಟಪಟನೆ ಹರಿಯುತ್ತಿದ್ದವು. ಒಂದೊಂದನ್ನೇ ಹುಡುಕಿ ಗಂಟು ಹಾಕುತ್ತಿದ್ದರು. ಸದ್ದು ತಪ್ಪಿದರೆ ತಾವೇ ನಿಲ್ಲಿಸಿ, ಹಾಗಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಮತ್ತೆ ಹಿಡಿಯುತ್ತಿದ್ದರು. ಓಣಿಯಲ್ಲಿ ಕರೆಂಟು ಹೋಗಿ ಪವರ್‌ಲೂಮುಗಳೆಲ್ಲ ಸುಮ್ಮನಾದಾಗ ನಮ್ಮ ಮನೆಯ ಮಗ್ಗ ಒಂದೇ ಕೇಳುತ್ತಿತ್ತು. ಗೌಡಶಾನಿ ಹಾಸಿನ ಪಕ್ಕದ ಕಾವಲು ಬಿಟ್ಟು ಅತ್ತೆಯ ತೊಡೆ ಸೇರಿದಳು. ಅಲ್ಲಿ ಕೂತು ಲಾಳಿ ಅತ್ತಿತ್ತ ಓಡುವುದನ್ನು ನೋಡುವಳು, ಕೈಚಾಚುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳ ಬೆನ್ನ ಮೇಲೆ ಕೈಯಿಟ್ಟೆ, ಬೆನ್ನೆಲುಬಿನ ಮಣಿಗಳೆಲ್ಲ ಕೈಗೆ ಸಿಕ್ಕವು. ಏನೂ ಉಳಿದಿಲ್ಲವಲ್ಲ ಎಂದೆ.

“ಗಂಜಿ ಇಳದೈತಿ, ಅಷ್ಟ. ನೂಲು ಗಟ್ಟಿ ಐತಿ,” ಎಂದರು ಅತ್ತೆ, ಲಾಳಿ ನಿಲ್ಲಿಸದೆ.

ಇದು ಕಾರಣವಲ್ಲ, ಸಮಾಧಾನ. ಅದು ಅವರಿಗೂ ಗೊತ್ತಿತ್ತು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಹೊಸ ಸೀರೆ ಅಂಗಡಿಯಲ್ಲಿ ಎಷ್ಟು ಬಿರುಸಾಗಿ ನಿಲ್ಲುತ್ತದೆ, ಕೈಗೆ ಎಷ್ಟು ಭಾರ. ಒಗೆದಂತೆಲ್ಲ ಹಗುರಾಗುತ್ತದೆ. ಹಗುರಾಯಿತೆಂದು ಯಾರೂ ನೇಕಾರನ ಮೇಲೆ ತಕರಾರು ತರುವುದಿಲ್ಲ, ಆಗಲೇ ಅದು ಮೈಗೆ ಹೊಂದುವುದು. ಇನ್ನೂ ಸವೆದರೆ ಹೊದೆಯುವ ಕೌದಿಯಾಗುತ್ತದೆ, ಕೂಸಿನ ಜೋಳಿಗೆಯಾಗುತ್ತದೆ. ಹಾಗೆ ನೋಡಿದರೆ ನಾವು ತೂಕ ತೂಕ ಎಂದು ಲೆಕ್ಕ ಹಾಕುವುದರಲ್ಲಿ ಗಂಜಿಯ ಪಾಲೇ ಬಹಳ. ನನ್ನದಂತೂ ಪೂರಾ ಗಂಜಿಯೇ ಇರಬೇಕೆಂದು ಕನ್ನಡಿಯ ಮುಂದೆ ಅನ್ನಿಸಿತು.

ಸೀರೆ ಮುಗಿಯಿತು. ಹಾಸು ಕೊಯ್ಯುವಾಗ ಅತ್ತೆ ಕತ್ತರಿಯನ್ನು ನಮ್ಮವರ ಕೈಗೆ ಕೊಟ್ಟು ತಾವು ಬೆಕ್ಕನ್ನು ಹಿಡಿದುಕೊಂಡರು. ಗೌಡಶಾನಿ ಆಮೇಲೂ ಕೆಲವು ದಿನ ಇದ್ದಳು. ಒಂದು ಬೆಳಿಗ್ಗೆ ನೋಡಿದರೆ ಖಾಲಿ ಮಗ್ಗದ ಕುಣಿಯಲ್ಲಿ, ಅತ್ತೆಯ ಪಾದಗಳಿರುತ್ತಿದ್ದ ಜಾಗದಲ್ಲಿ ಮುದುಡಿ ಮಲಗಿದ್ದಳು, ಏಳಲಿಲ್ಲ. ನಾನು ಅತ್ತುಬಿಟ್ಟೆ. ಅತ್ತೆಯವರು ಅಳಲಿಲ್ಲ, ಅದೇ ಧೋತರದಲ್ಲಿ ಸುತ್ತಿ ಕೊಟ್ಟರು. ಹಿತ್ತಿಲ ಪೇರಲ ಗಿಡದ ಕೆಳಗೆ ಹೂಳುವಾಗ ನಮ್ಮವರು ವಯಸ್ಸಾಗಿತ್ತು ಎಂದರು. ಆ ಸಲ ಅವರ ಉತ್ತರಕ್ಕೆ ನಾನು ತಲೆಯಾಡಿಸಿ ಮಣ್ಣೆಳೆದೆ.

ನಾಗರಪಂಚಮಿಗೆ ಆ ಸೀರೆಯನ್ನು ಅತ್ತೆ ನನಗೆ ಉಡಲು ಕೊಟ್ಟರು. ಮಾವನವರು ನೇಯ್ದ ಸೆರಗು ನನ್ನ ಹೆಗಲ ಮೇಲೆ, ಒಂದೆಳೆ ಆಚೀಚೆಯಿಲ್ಲದೆ. ಅತ್ತೆ ನೇಯ್ದ ಭಾಗ ನಡುವಿನ ಸುತ್ತ, ಮುಟ್ಟಿದಲ್ಲೆಲ್ಲ ಗಂಟು. ನನ್ನ ಸುತ್ತಳತೆಗೆ ಸೀರೆ ಸಾಲದೆ ನಿರಿಗೆಗೆ ಹೆಚ್ಚು ಬಟ್ಟೆ ಉಳಿದಿರಲಿಲ್ಲ. ಅತ್ತೆ ನನ್ನ ಮುಂದೆ ಮೊಣಕಾಲೂರಿ, ಇದ್ದ ನಾಲ್ಕು ನಿರಿಗೆಯನ್ನೇ ಎಳೆದೆಳೆದು ಸರಿಮಾಡುತ್ತಿದ್ದರು. ಅವರ ಬೆರಳು ಒಂದು ಗಂಟಿನ ಮೇಲೆ ನಿಂತಿತು. ತಲೆಯೆತ್ತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

“ಯಾಕ ಬೇ,” ಎಂದರು, “ಭಾಳ ಸೊರಗೀಯಲ್ಲ.”

ಮುಧೋಳದ ಯಂತ್ರದ ಮುಳ್ಳು ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ಹೌದ್ರಿ ಅತ್ತಿ, ಎಂದೆ.