ಉಣ್ಣೆಯಕ್ಕನ ಕೊನೆಯ ಬೇರು

ಬೆಳಕು ಇನ್ನೂ ಕಿಟಕಿಯ ಅಂಚಿನಲ್ಲೇ ಇದೆ. ಶೆಡ್ಡಿನ ಒದ್ದೆ ನೆಲದಲ್ಲಿ ಮಂಡಿಯೂರಿದ ಐವತ್ತೆಂಟರ ಹೆಂಗಸು, ಸೋಪಿನ ನೀರು ಕುಡಿದು ಭಾರವಾದ ಉಣ್ಣೆಯ ಸುರುಳಿಯನ್ನು ಮೊಣಕೈಗಳಿಂದ ಒತ್ತಿ ಉರುಳಿಸುತ್ತಿದ್ದಾರೆ. ಅಂಗೈಯಲ್ಲಿ ಮಾಡಬೇಕಾದ ಕೆಲಸವದು. ಆದರೆ ಎರಡೂ ಕೈಯ ಹೆಬ್ಬೆರಳುಗಳು ಮಾತು ಕೇಳುವುದನ್ನು ಬಿಟ್ಟು ವರ್ಷವಾಯಿತು. ಉರುಳಿದಷ್ಟೂ ಎಳೆಗಳು ಒಂದನ್ನೊಂದು ಹಿಡಿದುಕೊಂಡು, ಹತ್ತಿಯಂತೆ ಹಗುರಾಗಿದ್ದ ರಾಶಿ ಚರ್ಮದಷ್ಟು ಬಿಗಿಯಾಗುತ್ತದೆ.

ಸುರುಳಿ ಬಿಚ್ಚಿದರೆ ಅದೊಂದು ಮರದ ಬೇರು, ಎರಡಾಳು ಉದ್ದ. ಪ್ರದರ್ಶನದ ಫಲಕದಲ್ಲಿ ಶಿಲ್ಪಿಯ ಹೆಸರಿರುತ್ತದೆ. ಆ ಶಿಲ್ಪಿ ಕಾಗದದಲ್ಲಿ ಗೀಚಿದ ಬೇರು, ಬೆಟ್ಟ, ಹುತ್ತಗಳನ್ನು ಇಪ್ಪತ್ತಾರು ವರ್ಷಗಳಿಂದ ಉಣ್ಣೆಯಲ್ಲಿ ನಿಲ್ಲಿಸುತ್ತ ಬಂದವರು ಇವರು. ಸುತ್ತಲಿನವರ ಬಾಯಲ್ಲಿ ‘ಉಣ್ಣೆಯಕ್ಕ’.

ಕಂಬಳಿ ಕಾರ್ಖಾನೆಯಲ್ಲಿ ಉಣ್ಣೆ ತೊಳೆಯುತ್ತಿದ್ದವರು, ಅದು ಮುಚ್ಚಿದ ಮೇಲೆ ಶಿಲ್ಪಿಯ ಈ ಶೆಡ್ಡಿಗೆ ಬಂದರು. ದಿನಕ್ಕೆ ಹನ್ನೆರಡು ಬಿಂದಿಗೆ ಬಿಸಿನೀರು, ಒಂದು ಸುರುಳಿಗೆ ಎರಡು ಸಾವಿರ ಉರುಳು. “ಒಂದ್ಸಲ ಯಂತ್ರಕ್ಕೂ ಕೊಟ್ಟು ನೋಡಿದ್ರು. ಚಾಪೆ ಥರ ಬಂತು. ಎಲ್ಲಿ ಒತ್ತಬೇಕು, ಎಲ್ಲಿ ಸುಮ್ನೆ ಸವರಬೇಕು ಅಂತ ಅದಕ್ಕೇನು ಗೊತ್ತು?” ಎನ್ನುತ್ತಾರೆ ಉಣ್ಣೆಯಕ್ಕ.

ಈ ಬೇರಾದ ಮೇಲೆ ಕೆಲಸ ಬಿಡಲೇಬೇಕು, ಇಲ್ಲದಿದ್ದರೆ ಲೋಟ ಹಿಡಿಯುವುದಕ್ಕೂ ಕೈ ಉಳಿಯದು ಎಂದಿದ್ದಾರೆ ವೈದ್ಯರು. ಹಾಗಾಗಿ ಇದು ಕೆಡುವಂತಿಲ್ಲ. ಮೊದಲ ವರ್ಷ ಅವಸರದಲ್ಲಿ ಅರೆಬರೆ ಬಿಗಿದಿದ್ದ ಬೆಟ್ಟವೊಂದು, ಗೋಡೆಗೇರಿದ ಹದಿನೈದೇ ದಿನಕ್ಕೆ ತನ್ನ ಭಾರಕ್ಕೆ ತಾನೇ ಜೋತು ಗೋಣಿಚೀಲದಂತಾಗಿತ್ತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಬಿಗಿ ಬಂತೇ ಎಂದು ತಿಳಿಯಲು ಚಿವುಟಿ ನೋಡಬೇಕು. ಎಳೆ ಎದ್ದರೆ ಇನ್ನೂ ಕೆಲಸವಿದೆ ಎಂದರ್ಥ. ಉಣ್ಣೆಯಕ್ಕನ ಹೆಬ್ಬೆರಳಿಗೆ ಅದು ಆಗದು. ಪಕ್ಕದಲ್ಲಿ ನೀರು ಹೊಯ್ಯುತ್ತಿದ್ದ ನಾದಿನಿ ಚಿವುಟಿ ನೋಡುತ್ತಾರೆ.

“ಆಯ್ತು ಅತ್ತಿಗೆ. ಏಳಿ, ಸೊಂಟ ನೆಲಕ್ಕೆ ಅಂಟಿಕೊಂಡೀತು.”

“ನೀನು ಮನೆಗೆ ಹೋಗೋ ಆತುರದಲ್ಲಿ ಚಿವುಟಿದ್ದೀಯ.”

“ಹೂಂ, ಅಲ್ಲಿ ನನಗೆ ಸಿಂಹಾಸನ ಹಾಕಿಟ್ಟಿದ್ದಾರೆ ನೋಡಿ!”

ಉಣ್ಣೆಯಕ್ಕ ನಗುವುದಿಲ್ಲ. ಬಗ್ಗಿ, ಒದ್ದೆ ಬೇರಿನ ಕವಲನ್ನು ಬೆರಳಿನ ಬದಲು ತುಟಿಗಳಲ್ಲೇ ಚಿವುಟಿ ಮೆಲ್ಲಗೆ ಎಳೆಯುತ್ತಾರೆ. “ಬಂತು ನೋಡು, ಎರಡೆಳೆ. ಇನ್ನು ಇನ್ನೂರು ಉರುಳು.”

ಗೊಣಗುತ್ತಲೇ ನಾದಿನಿ ನೀರು ಹೊಯ್ಯುತ್ತಾರೆ. ನೂರಾ ನಲವತ್ತಕ್ಕೆ ಉಣ್ಣೆಯಕ್ಕನ ಉರುಳು ನಿಧಾನವಾಗುತ್ತದೆ. ನಾದಿನಿ ಬಿಂದಿಗೆ ಕೆಳಗಿಟ್ಟು, ಎದುರಿಗೆ ಕೂತು ಸುರುಳಿಯ ಇನ್ನೊಂದು ತುದಿ ಹಿಡಿಯುತ್ತಾರೆ. ಇನ್ನೂರು ಮುಗಿದ ಮೇಲೆ ಮತ್ತೆ ತುಟಿಯ ಪರೀಕ್ಷೆ. ಈ ಸಲ ಒಂದೆಳೆಯೂ ಏಳುವುದಿಲ್ಲ.

ಗೋಡೆಗೊರಗಿ, ಮಡಚಲು ಬಾರದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಉಣ್ಣೆಯಕ್ಕ ಹೇಳುತ್ತಾರೆ: “ಹೋದ ವರ್ಷ ಪ್ರದರ್ಶನ ನೋಡೋಕೆ ಹೋಗಿದ್ದೆ. ನಾನೇ ಮಾಡಿದ ಹುತ್ತದ ಮೇಲೆ ಧೂಳು ಕೂತಿತ್ತು, ಒರೆಸೋಕೆ ಹೋದೆ. ‘ಅಮ್ಮಾ, ಮುಟ್ಟಬೇಡಿ’ ಅಂದ ಕಾವಲುಗಾರ. ಅವನ ತಪ್ಪೇನಿಲ್ಲ ಬಿಡು. ಆದ್ರೆ ಈ ಬೇರನ್ನಾದ್ರೂ ಜನ ಮುಟ್ಟಲಿ ಅಂತ ಆಸೆ. ಇಷ್ಟು ಉರುಳಿಸಿದ್ದೀವಿ. ಮುಟ್ಟಿದ್ರೆ ಏನೂ ಆಗಲ್ಲ ಇದಕ್ಕೆ.”