ಕೊಸರಿಗೆ ಬಂದ ಚಮಚ

ಮೊನ್ನೆ ಅಡುಗೆಮನೆಯ ಡ್ರಾಯರ್ ಖಾಲಿ ಮಾಡುತ್ತಿದ್ದ ನನ್ನ ಹೆಂಡತಿ, ಹಿಡಿ ಸೊಟ್ಟಗಾದ ಸ್ಟೀಲ್ ಚಮಚವೊಂದನ್ನು ಎತ್ತಿ ತೋರಿಸಿ, "ಇದನ್ನ ಗುಜರಿಗೆ ಹಾಕ್ಲಾ?" ಎಂದಳು. ಇಸಿದುಕೊಂಡು ಮೂಸಿದೆ. ಎಷ್ಟು ತೊಳೆದರೂ ಅದಕ್ಕೆ ಸೌತೆಕಾಯಿಯ, ಪಾಚಿನೀರಿನ ವಾಸನೆ... ನನಗೆ ಮಾತ್ರ ಬರುತ್ತದೋ ಏನೋ. ಕೊಡಲಿಲ್ಲ. ಬೇರೆಯವರು ಬೇಡವೆಂದ ಸಾಮಾನಿನಲ್ಲೇ ಬದುಕು ಕಟ್ಟಿಕೊಂಡವನು ನಾನು. ಯಾವುದನ್ನು ಬಿಡಬಾರದೆಂದು ಗೊತ್ತು.

ದಾಸರಹಳ್ಳಿಯಲ್ಲಿ ನನ್ನದು ಹಳೆಯ ಮೇಜು, ಕುರ್ಚಿ, ಬೀರುಗಳ ವ್ಯಾಪಾರ. ಇದರ ಮೊದಲ ಪಾಠ ಹೇಳುತ್ತೇನೆ, ಬೇಕಾದವರು ಬರೆದಿಟ್ಟುಕೊಳ್ಳಿ: ಖಾಲಿ ಮಾಡುವ ಅಂಗಡಿಗೆ ಕೊನೆಯ ದಿನ ಹೋಗಬೇಕು, ಅದೂ ಸಂಜೆ. ಅಷ್ಟು ಹೊತ್ತಿಗೆ ಮಾಲೀಕನಿಗೆ ಸಾಕಾಗಿರುತ್ತದೆ, ನೀವು ಹೇಳಿದ್ದೇ ಬೆಲೆ. ನಡುವೆ ಅವನ ಫೋನ್ ಬಂದರೆ ಎತ್ತಬಾರದು. ಎತ್ತಿದರೆ ನಿಮಗೆ ಬೇಕಾಗಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಹೆಬ್ಬಾಳದ ಒಂದು ಆಫೀಸು ಮುಚ್ಚಿದಾಗ ನಾಲ್ಕಡಿ ಉದ್ದದ ಮೀನಿನ ಟ್ಯಾಂಕ್ ನನಗೆ ಸಿಕ್ಕಿದ್ದೂ ಹಾಗೆಯೇ, ಕುರ್ಚಿಗಳ ಜೊತೆ ಕೊಸರಿಗೆ.

ಮಾರಬೇಕೆಂದಿದ್ದೆ, ಮಗಳು ಬಿಡಲಿಲ್ಲ. ಕೊಡಿಗೇಹಳ್ಳಿಯ ಮನೆಯಲ್ಲಿ ಕಿಟಕಿಯ ಪಕ್ಕ ಇಟ್ಟೆವು. ಅದೇ ತಪ್ಪು, ನೀವು ಮಾಡಬೇಡಿ. ಬಿಸಿಲು ಬಿದ್ದು ತಿಂಗಳೊಳಗೆ ಗಾಜಿನ ತುಂಬ ಹಸಿರು ಪಾಚಿ. ಮಗಳ ಪ್ರೀತಿಯ ಏಂಜಲ್ ಮೀನಿನ ಜೋಡಿ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಪಾಚಿ ತಿನ್ನುವ ಮೀನು ಸಿಗುತ್ತದೆಂದು ಯಾರೋ ಹೇಳಿದರು. ಆರ್.ಟಿ. ನಗರದ ಮೀನಿನ ಅಂಗಡಿಯೊಂದಕ್ಕೆ ಹೋದೆ.

ಮೂವರು ನಿಂತರೆ ತುಂಬುವ ಅಂಗಡಿ. ಬಿಳಿ ಗಡ್ಡದ ಮಾಲೀಕರನ್ನು ಬೀದಿಯವರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರದೊಂದು ಕ್ರಮವಿತ್ತು. ಮೀನು ಬೇಕೆಂದವರು ಮೊದಲು ಮನೆಯ ಟ್ಯಾಂಕಿನ ನೀರನ್ನು ಬಾಟಲಿಯಲ್ಲಿ ತರಬೇಕು. ಅದನ್ನು ಮೂಸುವರು, ಬೆಳಕಿಗೆ ಹಿಡಿಯುವರು, ಮನೆಯಲ್ಲಿ ಇನ್ಯಾವ ಮೀನುಗಳಿವೆ ಎಂದು ಹೆಣ್ಣು ಕೊಡುವವರ ಹಾಗೆ ವಿಚಾರಿಸುವರು. ವ್ಯಾಪಾರ ಆಮೇಲೆ. ನಾನು ಬಾಟಲಿಗಾಗಿ ಮನೆಗೆ ಹೋಗಿ ಮತ್ತೆ ಬರಬೇಕಾಯಿತು.

ಕೌಂಟರಿನ ಮೇಲಿನ ಟ್ಯಾಂಕಿನಲ್ಲಿ ಗೇಣುದ್ದದ ಮುದಿ ಮೀನೊಂದು ಬಾಯನ್ನು ಗಾಜಿಗೆ ಅಂಟಿಸಿಕೊಂಡು ನಿಂತಿತ್ತು. ಪಾಚಿ ಹೀರುವ ಈ ಮೀನಿಗೆ ಅಂಗಡಿಯವರು ಸಕ್ಕರ್ ಎನ್ನುತ್ತಾರೆ. ಇದನ್ನೇ ಕೊಡಿ ಎಂದೆ.

"ಅದು ಮಾರೋದಲ್ಲ ಸೇಟು. ಅದು ನನ್ ಪಾರ್ಟ್‌ನರ್."

ಬೆರಳುದ್ದದ ಮರಿಯೊಂದನ್ನು ಕೊಟ್ಟರು. ಚೌಕಾಸಿ ಮಾಡಿದೆ, ಇಳಿಸಿದರು. ಕೊಸರಿಗೆ ಇನ್ನೊಂದು ಹಾಕಿ ಎಂದೆ. ಮುಖ ಗಂಟಾಯಿತು. "ಇದೇನ್ ಕೊತ್ತಂಬರಿ ಸೊಪ್ಪಾ? ಜೀವಾನ ಕೊಸರಿಗೆ ಕೊಡಲ್ಲ."

ಮೂರೇ ವಾರ, ಗಾಜು ಫಳಫಳ. ಸಂಬಳ ಕೇಳದ ಆಳು ಸಿಕ್ಕಿದ್ದಾನೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಒಂದು ಬೆಳಿಗ್ಗೆ ನೋಡಿದರೆ ಸಕ್ಕರ್ ಏಂಜಲ್ ಮೀನಿನ ಪಕ್ಕೆಗೆ ಅಂಟಿಕೊಂಡಿದೆ! ಹುರುಪೆ ಎದ್ದು ಕೆಂಪಾಗಿತ್ತು. ಮಗಳು ಅಳುತ್ತ ಕೂತಳು. ಆ ಕಳ್ಳನನ್ನು ನೀರಿನ ಕವರಿಗೆ ಹಾಕಿಕೊಂಡು, ಕೆಟ್ಟ ಮಾಲು ಕೊಟ್ಟಿದ್ದೀರಿ, ಬದಲಾಯಿಸಿ ಎಂದು ಚಾಚಾನ ಮುಂದೆ ನಿಂತೆ. ಅವರು ಕವರ್ ಎತ್ತಿ ಮೀನಿನ ಹೊಟ್ಟೆ ನೋಡಿದರು. ಒಳಕ್ಕೆ ಹೋಗಿತ್ತು.

"ಊಟಕ್ಕೆ ಏನ್ ಹಾಕ್ತಿದ್ರಿ?"

"ಊಟನಾ? ಪಾಚಿ ತಿನ್ಲಿ ಅಂತ ತಾನೇ ತಗೊಂಡಿದ್ದು?"

"ಪಾಚಿ ಎಲ್ಲಿದೆ ಈಗ?"

ಫಳಫಳ ಗಾಜು ನೆನಪಾಯಿತು.

"ಅರೆ, ಕೆಲಸ ಪೂರ್ತಿ ಮುಗಿಸ್ತು ಅಂತ ಉಪವಾಸ ಕೆಡವಿದ್ರಾ ಸೇಟು? ಹಸಿವಾದ್ರೆ ಪಕ್ಕದೋರ್ ಮೈಗೇ ಬಾಯಿ ಹಾಕುತ್ತೆ, ಪಾಪ ಇನ್ನೇನ್ ಮಾಡುತ್ತೆ?"

ತಮ್ಮ ಊಟದ ಡಬ್ಬಿ ತೆಗೆದರು. ಅದರೊಳಗಿನ ಚಮಚದ ಹಿಡಿಯನ್ನು ಕೌಂಟರಿನ ಅಂಚಿಗೆ ಒತ್ತಿ ಬಗ್ಗಿಸಿ, ಒಂದು ಸೌತೆಕಾಯಿ ಬಿಲ್ಲೆಗೆ ಚುಚ್ಚಿದರು. ಬರೀ ಬಿಲ್ಲೆ ತೇಲುತ್ತದೆ, ಚಮಚದ ಭಾರಕ್ಕೆ ಮುಳುಗುತ್ತದೆ. ಉಳಿದದ್ದನ್ನು ಮಾರನೆಯ ದಿನ ತೆಗೆಯಬೇಕು, ಇಲ್ಲದಿದ್ದರೆ ನೀರು ನಾರುತ್ತದೆ. ಇಷ್ಟು ಕಲಿಸಿ ಚಮಚವನ್ನು ನನ್ನ ಕೈಗಿಟ್ಟರು. "ತಗೊಳ್ಳಿ. ಕೊಸರು ಕೇಳಿದ್ರಲ್ಲ."

ಏಂಜಲ್ ಬದುಕಿತು, ಸಕ್ಕರ್ ಬೆಳೆಯಿತು. ಆಮೇಲೆ ಕೆಲಸವಿಲ್ಲದಿದ್ದರೂ ಆ ಅಂಗಡಿಗೆ ಹೋಗತೊಡಗಿದೆ. ಹೋದಾಗಲೆಲ್ಲ ಪಾರ್ಟ್‌ನರ್‌ನ ಬೆಲೆ ಕೇಳುವೆ, ಅವರು ನಕ್ಕು ತಲೆಯಾಡಿಸುವರು... ಹೀಗೇ ಕೆಲವು ವರ್ಷ.

ಒಂದು ಗುರುವಾರ ಅವರೇ ಫೋನ್ ಮಾಡಿದರು. ಕಟ್ಟಡ ಕೆಡವುತ್ತಾರಂತೆ, ಭಾನುವಾರ ಅಂಗಡಿ ಖಾಲಿ ಮಾಡಿ ಕೋಲಾರಕ್ಕೆ, ಮಗಳ ಮನೆಗೆ. "ಪಾರ್ಟ್‌ನರ್‌ಗೆ ಅಲ್ಲಿ ಜಾಗ ಇಲ್ಲ ಸೇಟು. ನಿಮ್ದು ದೊಡ್ಡ ಟ್ಯಾಂಕು. ನೀವ್ ಬಂದು ತಗೊಂಡ್ಹೋಗಿ."

ಬೆಲೆ ಹೇಳಲಿಲ್ಲ. ಹೇಳಲಿಲ್ಲವೆಂದರೆ ದೊಡ್ಡದೇ ಇರಬೇಕು ಎಂದುಕೊಂಡೆ. ಶುಕ್ರವಾರ ಹೋಗಲಿಲ್ಲ, ಶನಿವಾರವೂ ಹೋಗಲಿಲ್ಲ. ಭಾನುವಾರ ಮೂರು ಸಲ ಫೋನ್ ಬಂತು, ಎತ್ತಲಿಲ್ಲ. ಸಂಜೆ ಬಕೆಟ್ ಹಿಡಿದು ಹೋದರೆ ಶಟರ್ ಎಳೆದಿತ್ತು. ಪಕ್ಕದ ಟೈಲರ್ ಅಂಗಡಿಯ ಹೆಂಗಸು ಹೊರಗೆ ಬಂದರು.

"ನೀವೇನಾ ಸೇಟು? ಮಧ್ಯಾಹ್ನದವರೆಗೂ ಮೀನನ್ನ ಬಕೆಟ್‌ನಲ್ಲಿ ಇಟ್ಕೊಂಡ್ ಕಾದ್ರು ಕಣ್ರೀ. ಗಾಳಿ ಪಂಪೆಲ್ಲ ಪ್ಯಾಕ್ ಆಗ್ಬಿಟ್ಟಿತ್ತು, ಕೈಯಲ್ಲೇ ನೀರು ಆಡಿಸ್ತಾ ಕೂತಿದ್ರು. ಟೆಂಪೋದವನು ಬೈಯೋಕೆ ಶುರು ಮಾಡ್ದ, ಬಕೆಟ್ ಕಾಲ್‌ಸಂದೀಲಿ ಇಟ್ಕೊಂಡು ಹೊರಟ್ರು."

"ಎಷ್ಟಕ್ಕೆ ಕೊಡ್ತೀನಿ ಅಂತಿದ್ರು?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಎಷ್ಟಕ್ಕಾ? ಸುಮ್ನೆ ಕೊಡೋಕೆ ಕಣ್ರೀ."

ಅಲ್ಲೇ ನಿಂತು ಫೋನ್ ಮಾಡಿದೆ. ಬಹಳ ಹೊತ್ತಿನ ಮೇಲೆ ಎತ್ತಿದರು. "ಹೊಸಕೋಟೆ ದಾಟೋ ಅಷ್ಟ್ರಲ್ಲಿ ಹೋಯ್ತು ಸೇಟು. ವಯಸ್ಸಾಗಿತ್ತು, ಬಿಡಿ. ನಿಮ್ಗೆ ಏನೋ ಕೆಲಸ ಬಂದಿರ್ಬೇಕು."

"ಹೌದು ಚಾಚಾ, ಕೆಲಸ ಇತ್ತು" ಎಂದೆ.

ಚಾಚಾ ಈಗಿಲ್ಲ. ಹೋದ ವರ್ಷ ಯಶವಂತಪುರದ ಮೀನಿನಂಗಡಿಯವನೊಬ್ಬ ಹೇಳಿದ. ಅವರ ನಂಬರ್ ನನ್ನ ಫೋನಿನಲ್ಲಿ ಇನ್ನೂ ಹಾಗೇ ಇದೆ.

ಕೊನೆಯ ದಿನ ಹೋಗಿ ಎಂದು ಈಗಲೂ ಹೇಳುತ್ತೇನೆ, ವ್ಯಾಪಾರಕ್ಕೆ ಅದು ಸರಿಯೇ. ಬೆಲೆ ಹೇಳದೆ ಕರೆದವರ ಫೋನನ್ನು ಮಾತ್ರ ಮೊದಲ ಸಲಕ್ಕೇ ಎತ್ತಿ.

ಮೊನ್ನೆ ಆ ಚಮಚಕ್ಕೆ ಸೌತೆಕಾಯಿ ಚುಚ್ಚಿ ನೀರಿಗಿಳಿಸಿದೆ. ಅವರು ಕೊಟ್ಟ ಮರಿ ಈಗ ಗೇಣುದ್ದವಾಗಿದೆ. ಮೆಲ್ಲಗೆ ಬಂದು ಬಾಯಿ ಹಾಕಿತು. ಆ ಭಾನುವಾರವೂ ನಾನು ಇಲ್ಲೇ, ಈ ಟ್ಯಾಂಕಿನ ಎದುರಿಗೇ ಕೂತಿದ್ದೆ, ಹೊಡೆದುಕೊಳ್ಳುತ್ತಿದ್ದ ಫೋನನ್ನು ಕೈಯಲ್ಲಿ ಹಿಡಿದುಕೊಂಡು. ಯಾವ ಕೆಲಸವೂ ಇರಲಿಲ್ಲ ಚಾಚಾ...