ಅತ್ತೆ ಬಿಡಿಸಿದ ಸೂರ್ಯ

ನಮ್ಮತ್ತೆಗೆ ಸುಳ್ಳು ಹೇಳಿ ಯಾರೂ ಬಚಾವಾದದ್ದಿಲ್ಲ. ಅಪ್ಪನಿಗೆ ಅಕ್ಕ ಅವಳು. ಮನೆಯಲ್ಲಿ ಅವಳದೇ ಕಾರುಬಾರು. "ಕಂಡಿದ್ದನ್ನ ಮಾತ್ರ ಹೇಳು" ಎಂದು ಎಲ್ಲರ ಬಾಯಿಗೂ ಬೀಗ ಹಾಕುತ್ತಿದ್ದಳು. ಊಟಕ್ಕೆ ಕೂತರೂ ಕಟಕಟೆಯಲ್ಲಿ ನಿಂತ ಹಾಗಾಗುತ್ತದೆ ಎಂದು ಅಪ್ಪ ಗೊಣಗುತ್ತಿದ್ದ.

ಅವಳ ಕೆಲಸ ವೀಕ್ಷಣಾಲಯದಲ್ಲಿ. ದೂರದರ್ಶಕ ಬಿಳಿ ಹಾಳೆಯ ಮೇಲೆ ಚೆಲ್ಲುವ ಸೂರ್ಯಬಿಂಬವನ್ನು ನೋಡಿ, ಅದರ ಮೇಲಿನ ಕಪ್ಪು ಕಲೆಗಳನ್ನು ಪೆನ್ಸಿಲಿನಲ್ಲಿ ಬಿಡಿಸುವುದು. ಕಲೆಯ ನಡುವೆ ಕಡುಕಪ್ಪು, ಸುತ್ತ ನಸುಗಪ್ಪು ಅಂಚು, ಆ ಅಂಚಿನ ತುಂಬ ಕೂದಲಿನಂಥ ಎಳೆಗಳು. ಬಿಸಿಗಾಳಿಗೆ ಬಿಂಬ ಸದಾ ನಡುಗುತ್ತದೆ. ಗಾಳಿ ನಿಂತ ಗಳಿಗೆಯಲ್ಲಿ ಎಳೆಗಳು ಕಂಡು ಮಾಯವಾಗುತ್ತವೆ. ಕಂಡದ್ದನ್ನು ಮನಸ್ಸಿನಲ್ಲಿ ಹಿಡಿದು ಹಾಳೆಗೆ ಇಳಿಸಬೇಕು. ಅತ್ತೆಯ ಕೈ ಅದರಲ್ಲಿ ಪಳಗಿತ್ತು. ಮದುವೆಯ ಮಾತೆತ್ತಿದವರಿಗೆಲ್ಲ, ನನ್ನ ಹಾಳೆಗಳು ದಾಖಲೆಯಾಗಿ ಉಳಿಯುತ್ತವೆ, ನನಗಷ್ಟು ಸಾಕು ಎಂದುಬಿಡುತ್ತಿದ್ದಳು.

ಅವಳು ನಿವೃತ್ತಳಾಗುವ ವರ್ಷ ಹೊಸ ಕ್ಯಾಮೆರಾ ಬಂತು. ಪಟಪಟನೆ ಚಿತ್ರ ತೆಗೆದು, ನಡುಗದ ಒಂದನ್ನು ಆರಿಸಿಕೊಳ್ಳುವಂಥದ್ದು. ಹಾಳೆಗಳನ್ನು ದಾಖಲೆಗೆ ಸೇರಿಸುವ ಮುನ್ನ ಫೋಟೋದೊಂದಿಗೆ ತಾಳೆ ನೋಡೋಣ ಎಂದರು ಮುಖ್ಯಸ್ಥರು. ಪರೀಕ್ಷೆ ಕ್ಯಾಮೆರಾಕ್ಕೆ ಎಂದುಕೊಂಡು ಅತ್ತೆ ಖುಷಿಯಿಂದಲೇ ಒಪ್ಪಿದಳು.

ಒಂದೇ ಬೆಳಗಿನ ಫೋಟೋ ಮತ್ತು ಹಾಳೆಯನ್ನು ಪಕ್ಕಪಕ್ಕ ಇಟ್ಟರು. ಫೋಟೋದಲ್ಲಿ ಕಲೆಯ ಒಂದು ಬದಿಗೆ ಅಂಚೇ ಇರಲಿಲ್ಲ. ಕಪ್ಪು ನೇರ ಬೆಳಕಿಗೆ ತಾಗಿತ್ತು. ಅತ್ತೆಯ ಹಾಳೆಯಲ್ಲಿ ಮಾತ್ರ ಸುತ್ತಲೂ ಎಳೆಗಳು, ಬಾಚಿದ ಹಾಗೆ. ಬೇರೆ ದಿನಗಳದ್ದೂ ಅದೇ ಕಥೆ. ಎಳೆ ಇದ್ದೇ ಇರುತ್ತದೆ ಎಂದು ನಂಬಿದ ಕೈ ಕಣ್ಣಿಗೆ ಕಾಯದೆ ಬಿಡಿಸುತ್ತ ಹೋಗಿತ್ತು.

ಮುಖ್ಯಸ್ಥರು ಬೈದಿದ್ದರೆ ಅತ್ತೆ ಜಗಳವಾಡಿ ಹಗುರಾಗುತ್ತಿದ್ದಳು. ಅವರು ಬೈಯಲಿಲ್ಲ. ಹಾಳೆಗಳನ್ನು ದಾಖಲೆಗೆ ಸೇರಿಸದೆ ಮೆಲ್ಲಗೆ ಕೈಬಿಟ್ಟು, ಅದೇ ಬೆಳಗಿನ ಹಾಳೆಗೆ ಚೌಕಟ್ಟು ಹಾಕಿಸಿ, ಗೋಡೆಗೆ ಚೆಂದ ಕಾಣುತ್ತದೆ ಎಂದು ಬೀಳ್ಕೊಡುಗೆಯ ದಿನ ಅವಳ ಕೈಗಿತ್ತರು. ಮೇಲೆ ಚಪ್ಪಾಳೆ ಬೇರೆ. ಆ ನಯ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮರುದಿನ ಅತ್ತೆ ಚೌಕಟ್ಟು ಬಿಚ್ಚಿ, ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ, ರಬ್ಬರ್ ಹಿಡಿದು ಕೂತಳು. ಕಾಣದೆ ಬಿಡಿಸಿದ್ದನ್ನು ಅಳಿಸಿಬಿಡುತ್ತೇನೆ ಎಂದಳು. ಬಹಳ ಹೊತ್ತಾದರೂ ಕೈ ಆಡಲಿಲ್ಲ. ಅಪ್ಪ ಹತ್ತಿರ ಹೋಗಿ, ಸಾಕು ಬಿಡಕ್ಕ ಎಂದ.

"ಯಾವುದನ್ನ ಕಂಡು ಬಿಡಿಸಿದೆ, ಯಾವುದನ್ನ ಸುಮ್ಮನೆ ಬಿಡಿಸಿದೆ, ನನಗೇ ಗೊತ್ತಾಗ್ತಿಲ್ಲ ಕಣೋ."

ಆಮೇಲೆ ಒಂದೂ ಬಿಡದೆ ಎಲ್ಲ ಎಳೆಗಳನ್ನೂ ಅಳಿಸಿದಳು. ನಿಜವಾಗಿ ಕಂಡವೂ ಅದರಲ್ಲೇ ಹೋದವು. ಉದುರಿದ ಪುಡಿಯನ್ನು ಅಪ್ಪ ಅಂಗೈಗೆ ಬಳಿದುಕೊಂಡು ಹೊರಗೆ ಹಾಕಿ ಬಂದ.